ಮೂಲೆಯಲ್ಲಿ 110, ಕಣ್ಣಿಗೆ ಜರ್ಕ್: ಹುಬ್ಬಳ್ಳಿಯ ಒಂದು ಗೇಮಿಂಗ್ ಪಿಸಿಯ ಪ್ರಕರಣ

ಪ್ರಕರಣ 2024ರ ಏಪ್ರಿಲ್‌ನದು. ಹುಬ್ಬಳ್ಳಿ ಕೇಶ್ವಾಪುರದ ಒಂದು ಮನೆ, ಇಂಜಿನಿಯರಿಂಗ್ ಓದುವ ಹುಡುಗ, ಕಾಕಾ ಕೊಡಿಸಿದ ಪಿಸಿ, ಆಡುವ ಆಟ ವ್ಯಾಲೊರಂಟ್ ಎಂಬ ಗುಂಡು ಹಾರಿಸುವ ಆನ್‌ಲೈನ್ ಆಟ. ದೂರು ಒಂದೇ ಸಾಲಿನದು: "ಎಫ್‌ಪಿಎಸ್ ನೂರಾ ಹತ್ತು ತೋರಸ್ತೈತ್ರಿ ಅಣ್ಣಾ, ಆದ್ರ ಆಟ ಜರ್ಕ್ ಹೊಡಿತೈತಿ." ಎಫ್‌ಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಎಂಬ ಲೆಕ್ಕ, ಪರದೆಯ ಮೂಲೆಯಲ್ಲಿ ಕಾಣುತ್ತಿರುತ್ತದೆ. ಪಿಸಿ ಮಾರಿದ ಅಂಗಡಿಯವರು ಫೋನಿನಲ್ಲೇ ಮದ್ದು ಹೇಳಿ ಮುಗಿಸಿದ್ದರು: ಗ್ರಾಫಿಕ್ಸ್ ಕಾರ್ಡ್ ಹಾಕಿಸ್ರಿ, ಇಪ್ಪತ್ತು ಸಾವಿರ ಚಿಲ್ಲರೆ ಆಗ್ತೈತಿ. ಕಾಕಾ ಅಷ್ಟಕ್ಕೆ ಒಪ್ಪುವವರಲ್ಲ. ಮತ್ತೆ ರೊಕ್ಕ ಸುರಿಯುವ ಮೊದಲು ಒಮ್ಮೆ ನೋಡಿ ಹೇಳ್ರಿ ಎಂದು ನನ್ನನ್ನು ಕರೆಸಿದರು. ಪಿಸಿ ಜೋಡಿಸಿ ಕೊಡುವುದು, ಕೆಟ್ಟರೆ ಸರಿ ಮಾಡುವುದು ನನ್ನ ಕಸುಬು.

ಯಂತ್ರ ಹೀಗಿತ್ತು. ಎಎಂಡಿ ರೈಜೆನ್ 5 5600ಜಿ ಪ್ರೊಸೆಸರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಹೊಟ್ಟೆಯೊಳಗಿನ ವೇಗಾ ಗ್ರಾಫಿಕ್ಸೇ ಚಿತ್ರವನ್ನೆಲ್ಲ ಬಿಡಿಸಬೇಕು. 8 ಜಿಬಿ ರ‍್ಯಾಮ್, ಒಂದೇ ಸ್ಟಿಕ್. ವಿಂಡೋಸ್ 11 ಕೂತಿದ್ದು ಎಸ್‌ಎಸ್‌ಡಿ ಮೇಲೆ. ಮಾನಿಟರ್ ಮಾತ್ರ ಹೊಸದು, 1080ಪಿ, 144 ಹರ್ಟ್ಜ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದು. ದಸರಾ ಆಫರ್‌ನಲ್ಲಿ ತಂದದ್ದು. ಗೇಮ್ ಸೆಟ್ಟಿಂಗ್ ಎಲ್ಲವೂ 'ಲೋ'. ಈ ಬಜೆಟ್ಟಿಗೆ ಇದು ಕೆಟ್ಟ ಜೋಡಣೆಯೇನಲ್ಲ. ವ್ಯಾಲೊರಂಟ್ ಹಗುರ ಆಟ; ರಾಯಟ್ ಕಂಪನಿ 2020ರಲ್ಲಿ ಬಿಟ್ಟಾಗಲೇ ಹಳೆಯ ಪಿಸಿಗಳಲ್ಲೂ ಓಡಲಿ ಎಂದು ಲೆಕ್ಕ ಹಾಕಿ ಕಟ್ಟಿದ್ದು.

ಹುಡುಗನಿಗಿಂತ ಮೊದಲು ಪ್ರಶ್ನೆ ಕೇಳಿದ್ದು ಕಾಕಾ. "ಸಿನಿಮಾ ಇಪ್ಪತ್ನಾಲ್ಕ ಫ್ರೇಮಿನಾಗ ನಡೀತೈತಿ ಅಂತಾರ. ಇವಂಗ ನೂರಾ ಹತ್ತು ಸಾಲೂದಿಲ್ಲಂದ್ರ ಹೆಂಗ್ರಿ?"

ಪ್ರಶ್ನೆ ನ್ಯಾಯದ್ದೇ. ಸಿನಿಮಾ 24 ಫ್ರೇಮಿಗೆ ಸಲೀಸಾಗಿ ಕಾಣುವುದಕ್ಕೆ ಎರಡು ಕಾರಣ. ಕ್ಯಾಮೆರಾದ ಷಟರ್ ತೆರೆದಿರುವಷ್ಟು ಹೊತ್ತು ನಡೆದ ಚಲನೆ ಆ ಒಂದು ಫ್ರೇಮಿನಲ್ಲೇ ಮಸುಕಾಗಿ ಬೆರೆತಿರುತ್ತದೆ, ಆದ್ದರಿಂದ ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವಿನ ಅಂತರವನ್ನು ಕಣ್ಣು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಟದ ಫ್ರೇಮ್ ಹಾಗಲ್ಲ, ಒಂದು ಕ್ಷಣದ ಖಡಕ್ ಚಿತ್ರ. ಎರಡನೆಯದು ಇನ್ನೂ ಮುಖ್ಯ: ಸಿನಿಮಾ ನೋಡುವವನ ಕೈಯಲ್ಲಿ ಮೌಸ್ ಇರುವುದಿಲ್ಲ. ಆಟದಲ್ಲಿ ಕೈ ಆಡಿಸಿದ್ದು ಪರದೆಯ ಮೇಲೆ ಎಷ್ಟು ಹೊತ್ತಿಗೆ ಕಂಡಿತು ಅನ್ನುವುದೇ ಎಲ್ಲ. ಕಣ್ಣು ಕ್ಷಮಿಸಿದ್ದನ್ನು ಕೈ ಕ್ಷಮಿಸುವುದಿಲ್ಲ.

ಸರಾಸರಿ ಮುಚ್ಚಿಡುವ ನಾಲ್ಕು ಫ್ರೇಮ್

ಎಫ್‌ಪಿಎಸ್ ಅಂದರೆ ಒಂದು ಸೆಕೆಂಡಿನಲ್ಲಿ ಯಂತ್ರ ಬಿಡಿಸಿದ ಚಿತ್ರಗಳ ಸಂಖ್ಯೆ. ಇದನ್ನೇ ತಿರುಗಿಸಿ, ಒಂದು ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ಅದು ಫ್ರೇಮ್ ಟೈಮ್. 30 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮಿಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7, 120ರಲ್ಲಿ 8.3, 144ರಲ್ಲಿ 6.9. ಗಮನಿಸಿ, 30ರಿಂದ 60ಕ್ಕೆ ಹೋದಾಗ ಉಳಿಯುವುದು ಹದಿನಾರಕ್ಕೂ ಹೆಚ್ಚು ಮಿಲಿಸೆಕೆಂಡ್. 120ರಿಂದ 144ಕ್ಕೆ ಹೋದರೆ ಒಂದೂವರೆಯೂ ಇಲ್ಲ. ಮೇಲಕ್ಕೆ ಹೋದಂತೆ ಸಂಖ್ಯೆ ಜೋರಾಗಿ ಏರುತ್ತದೆ, ಕೈಗೆ ಸಿಗುವ ಲಾಭ ಇಳಿಯುತ್ತ ಬರುತ್ತದೆ.

ಈಗ ಹುಡುಗನ ತಕರಾರಿಗೆ ಬರೋಣ. ಒಂದು ಸೆಕೆಂಡಿನಲ್ಲಿ 95 ಫ್ರೇಮ್‌ಗಳು ತಲಾ 8 ಮಿಲಿಸೆಕೆಂಡಿನಲ್ಲಿ ಬಂದವು ಅನ್ನಿ. ಅದು 760 ಮಿಲಿಸೆಕೆಂಡ್ ಆಯಿತು. ಉಳಿದ 240 ಮಿಲಿಸೆಕೆಂಡನ್ನು ನಾಲ್ಕೇ ನಾಲ್ಕು ಫ್ರೇಮ್ ತಲಾ 60ರ ಹಾಗೆ ತಿಂದು ಹಾಕಿದವು. ಒಟ್ಟು 99 ಫ್ರೇಮ್. ಮೂಲೆಯ ಲೆಕ್ಕ 99 ಎಂದು ಹಸಿರು ಅಕ್ಷರದಲ್ಲಿ ಮಿನುಗುತ್ತಿರುತ್ತದೆ. ಆದರೆ ಆ ನಾಲ್ಕು ಫ್ರೇಮ್ ಬಂದಾಗಲೆಲ್ಲ ಆಟ 17 ಎಫ್‌ಪಿಎಸ್ ವೇಗಕ್ಕೆ ಕುಸಿದ ಹಾಗೆ ಕಾಣುತ್ತದೆ. ಅವು ಬರುವುದು ಯಾವಾಗ? ಎದುರಾಳಿ ತಿರುವಿನಿಂದ ಹೊರಬಂದಾಗ, ಹೊಗೆ ಬಿದ್ದಾಗ, ಒಮ್ಮೆಲೇ ನಾಲ್ಕಾರು ಗುಂಡು ಹಾರಿದಾಗ. ಸುಮ್ಮನೆ ಗೋಡೆ ನೋಡುತ್ತ ನಿಂತಾಗ ಎಲ್ಲವೂ ಸುಸೂತ್ರ. ಇದಕ್ಕಿಂತ ಅಲುಗಾಡದ 60 ಎಷ್ಟೋ ವಾಸಿ.

ಹುಬ್ಬಳ್ಳಿ-ಧಾರವಾಡ ದಿನಾ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಟೆಗೆ ಹನ್ನೆರಡು ಬಸ್ಸು ಎಂದು ಬೋರ್ಡಿನಲ್ಲಿ ಬರೆದಿರಬಹುದು; ಆರು ಒಂದರ ಹಿಂದೊಂದು ಬಂದು ಆಮೇಲೆ ಅರ್ಧ ತಾಸು ರಸ್ತೆ ಖಾಲಿ ಇದ್ದರೂ ಆ ಲೆಕ್ಕ ಸುಳ್ಳಾಗುವುದಿಲ್ಲ.

ಗೇಮ್ ಪರೀಕ್ಷೆ ಮಾಡುವವರೂ ಬಹುಕಾಲ ಸರಾಸರಿ ಎಫ್‌ಪಿಎಸ್ ಒಂದನ್ನೇ ಬರೆಯುತ್ತಿದ್ದರು. 2011ರಲ್ಲಿ 'ಟೆಕ್ ರಿಪೋರ್ಟ್' ಜಾಲತಾಣದ ಸ್ಕಾಟ್ ವಾಸನ್ ಪ್ರತಿ ಫ್ರೇಮಿನ ಹೊತ್ತನ್ನೂ ಅಳೆದು ಬರೆಯತೊಡಗಿದ ಮೇಲೆ ಗಾಳಿ ಬದಲಾಯಿತು. ಈಗ ಎಲ್ಲ ವಿಮರ್ಶೆಗಳಲ್ಲೂ ಕಾಣುವ '1% ಲೋ' ಆ ದಾರಿಯದೇ: ಅತಿ ನಿಧಾನವಾಗಿ ಬಂದ ನೂರಕ್ಕೊಂದು ಪಾಲು ಫ್ರೇಮ್‌ಗಳು ಎಷ್ಟು ಎಫ್‌ಪಿಎಸ್‌ಗೆ ಸಮ ಎಂದು ಅದು ಹೇಳುತ್ತದೆ. ನನ್ನ ಕೇಳಿದರೆ, ಪಿಸಿ ಕೊಳ್ಳುವಾಗ ಸರಾಸರಿಗಿಂತ ಮೊದಲು ಕಣ್ಣು ಹಾಯಿಸಬೇಕಾದದ್ದು ಈ ಅಂಕಿಯ ಮೇಲೆ.

ಮೊದಲು ಸಿಕ್ಕಿದ್ದು ಮಾನಿಟರ್

ಆಟ ತೆರೆಯುವ ಮುಂಚೆಯೇ ಅನುಮಾನ ಬಂದಿತ್ತು. ಡೆಸ್ಕ್‌ಟಾಪಿನ ಮೇಲೆ ಮೌಸನ್ನು ಜೋರಾಗಿ ಸುತ್ತು ತಿರುಗಿಸಿದರೆ ಬಾಣದ ಗುರುತುಗಳು ದೂರ ದೂರ ಬೀಳುತ್ತಿದ್ದವು. 144 ಹರ್ಟ್ಜ್ ಪರದೆಯಲ್ಲಿ ಅವು ಒತ್ತೊತ್ತಾಗಿ ಕಾಣಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ: ರಿಫ್ರೆಶ್ ರೇಟ್ ಎದುರು 60 ಎಂದು ಕೂತಿತ್ತು. ಕೆಳಗಿನ ಪಟ್ಟಿಯಲ್ಲಿ 144 ಇತ್ತು, ಆರಿಸಿದವರು ಯಾರೂ ಇರಲಿಲ್ಲ. ದಸರಾದಿಂದ ಏಪ್ರಿಲ್‌ವರೆಗೆ ಆ ಮಾನಿಟರ್ 60 ಹರ್ಟ್ಜ್‌ನಲ್ಲೇ ದುಡಿದಿತ್ತು.

ಇದು ಅಪರೂಪವಲ್ಲ. ನಾನು ನೋಡಿದ ಮನೆಗಳಲ್ಲಿ ಹೊಸ ಮಾನಿಟರ್ ಬಂದು ಹಳೆಯ ವೇಗದಲ್ಲೇ ಉಳಿದದ್ದು ಬೇಕಾದಷ್ಟು. ವಿಂಡೋಸ್ ತಾನಾಗಿ ಮೇಲಿನ ವೇಗ ಹಿಡಿಯುತ್ತದೆ ಎಂದು ನಂಬುವ ಹಾಗಿಲ್ಲ. ಪಟ್ಟಿಯಲ್ಲೇ 144 ಕಾಣದಿದ್ದರೆ ಕೇಬಲ್ಲನ್ನೋ ಪೋರ್ಟನ್ನೋ ಶಂಕಿಸಬೇಕು. ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ಅದರಿಂದ ಜೋಡಿಸಿ ನೋಡುವುದು ಸುಲಭದ ದಾರಿ.

ಯಂತ್ರ ಸೆಕೆಂಡಿಗೆ 110 ಚಿತ್ರ ಬಿಡಿಸುತ್ತಿತ್ತು, ಪರದೆ 60 ಸಲ ಮಾತ್ರ ಬದಲಾಗುತ್ತಿತ್ತು. ಪರದೆ ಮೇಲಿನಿಂದ ಕೆಳಕ್ಕೆ ಒಂದು ಸುತ್ತು ಮುಗಿಸುವುದರೊಳಗೆ ಹೊಸ ಚಿತ್ರ ಬಂದು ನಡುವೆ ತೂರಿಕೊಳ್ಳುತ್ತದೆ. ಮೇಲರ್ಧದಲ್ಲಿ ಹಿಂದಿನ ಚಿತ್ರ, ಕೆಳಗೆ ಮುಂದಿನದು, ನಡುವೆ ಸೀಳು. ಇದಕ್ಕೆ ಟೇರಿಂಗ್ ಅನ್ನುತ್ತಾರೆ. ಹುಡುಗ ಅದನ್ನೂ ಜರ್ಕ್ ಲೆಕ್ಕಕ್ಕೇ ಹಾಕಿದ್ದ. ಯಾವುದೋ ವಿಡಿಯೋ ನೋಡಿ, ಚಿತ್ರಗಳನ್ನು ಪರದೆಯ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಆನ್ ಮಾಡಿದ್ದನಂತೆ. ಸೀಳು ಹೋಯಿತು, ಆದರೆ ಮೂಲೆಯ ಸಂಖ್ಯೆ 60ಕ್ಕೆ ಇಳಿಯಿತು. "ಅರ್ಧಕ್ಕರ್ಧ ಎಫ್‌ಪಿಎಸ್ ಹೋತು" ಅಂತ ಗಾಬರಿಯಾಗಿ ಮತ್ತೆ ಆಫ್ ಮಾಡಿದ್ದ. ಕಳೆದದ್ದು ಅವನ ಕಣ್ಣಿಗೆ ಎಂದೂ ಪೂರ್ತಿ ಕಾಣದ ಫ್ರೇಮ್‌ಗಳು. ಆದರೂ ಆಫ್ ಮಾಡಿದ್ದಕ್ಕೆ ಅವನನ್ನು ದೂರಲಾರೆ. ವಿ-ಸಿಂಕ್‌ನಲ್ಲಿ ಚಿತ್ರ ಸಿದ್ಧವಾದರೂ ಪರದೆಯ ಸರದಿಗೆ ಕಾಯಬೇಕು. ಹಳೆಯ ಮಾದರಿಯ ವಿ-ಸಿಂಕ್‌ನಲ್ಲಿ 16.7 ಮಿಲಿಸೆಕೆಂಡಿಗೆ ಕೊಂಚ ತಡವಾದರೂ ಮುಂದಿನ ಸರದಿಯೇ ಗತಿ, ಅಂದರೆ ಒಮ್ಮೆಲೇ 33. ಗುರಿ ಇಟ್ಟು ಹೊಡೆಯುವ ಆಟದಲ್ಲಿ ಆ ಕಾಯುವಿಕೆ ಮೌಸಿಗೆ ಕಲ್ಲು ಕಟ್ಟಿದಷ್ಟು ಭಾರ.

144 ಆರಿಸಿ ಒಂದು ಪಂದ್ಯ ಆಡಿಸಿದೆ. "ಹಗರ ಆತ್ರಿ ಅಣ್ಣಾ, ಕೈಗೆ ಗೊತ್ತಾಗಾಕತ್ತೈತಿ" ಅಂದ. ಕಾಕಾ ಎದ್ದೇ ಬಿಟ್ಟರು, ಕೆಲಸ ಮುಗಿಯಿತು ಎಂದು. ಮೂರನೆಯ ಸುತ್ತಿನಲ್ಲಿ ಹೊಗೆ ಬಿತ್ತು, ಚಿತ್ರ ಗಕ್ಕನೆ ನಿಂತು ಮುಂದೆ ಹಾರಿತು. ಕಾಕಾ ಮತ್ತೆ ಕುಂತರು.

ಗ್ರಾಫ್ ಹಾಕಿ ನೋಡಿದ್ದು

ವ್ಯಾಲೊರಂಟ್‌ನ ವಿಡಿಯೋ ಸೆಟ್ಟಿಂಗಿನಲ್ಲಿ 'ಸ್ಟ್ಯಾಟ್ಸ್' ಎಂಬ ವಿಭಾಗವಿದೆ. ಎಫ್‌ಪಿಎಸ್ ಅಲ್ಲದೆ ಫ್ರೇಮ್ ಟೈಮ್, ನೆಟ್‌ವರ್ಕಿನ ಆರ್‌ಟಿಟಿ (ಸರ್ವರ್‌ಗೆ ಹೋಗಿಬರಲು ಹಿಡಿಯುವ ಹೊತ್ತು), ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋದ ಮಾಹಿತಿ) ಎಲ್ಲವನ್ನೂ ಅಂಕಿಯಾಗಿಯೋ ಗ್ರಾಫ್ ಆಗಿಯೋ ಪರದೆಯ ಮೇಲೆ ತರಬಹುದು. ಹೊರಗಿನ ಸಾಫ್ಟ್‌ವೇರ್ ಬೇಕಿಲ್ಲ. ಈ ಸೌಲಭ್ಯ ಇಲ್ಲದ ಆಟಗಳಿಗೆ ನಾನು ಎಂಎಸ್‌ಐ ಆಫ್ಟರ್‌ಬರ್ನರ್ ಬಳಸುತ್ತೇನೆ. ಅದರ ಜೊತೆ ಬರುವ ರಿವಾಟ್ಯೂನರ್ ಪರದೆಯ ಮೇಲೆ ಗ್ರಾಫ್ ಬಿಡಿಸುತ್ತದೆ.

ಗ್ರಾಫ್ ಹಾಕಿದ್ದು ಮೊದಲು ನೆಟ್ಟಿನ ಮೇಲಿನ ಅನುಮಾನ ತೀರಿಸಿಕೊಳ್ಳಲು. ನಮ್ಮ ಕಡೆ ಹುಡುಗರು ಎಲ್ಲಕ್ಕೂ ಲ್ಯಾಗ್ ಎಂದು ಒಂದೇ ಹೆಸರಿಡುತ್ತಾರೆ, ಆದರೆ ಮದ್ದು ಬೇರೆ ಬೇರೆ. ನೆಟ್ ಎಡವಿದರೆ ನಮ್ಮ ಪರದೆ ನುಣ್ಣಗೇ ಓಡುತ್ತಿರುತ್ತದೆ. ಎದುರಾಳಿ ಇದ್ದಲ್ಲಿಂದ ಮಾಯವಾಗಿ ಇನ್ನೊಂದೆಡೆ ಹುಟ್ಟುತ್ತಾನೆ, ಹೊಡೆದ ಗುಂಡು ಲೆಕ್ಕಕ್ಕೆ ಬರುವುದಿಲ್ಲ. ಫ್ರೇಮ್ ಎಡವಿದರೆ ನಾವು ತಿರುಗಿಸಿದ ನೋಟವೇ ಗಕ್ಕನೆ ನಿಲ್ಲುತ್ತದೆ. ಇಲ್ಲಿ ಆರ್‌ಟಿಟಿ ಮುಂಬೈ ಸರ್ವರ್‌ಗೆ ಸಮನಾಗಿತ್ತು, ಪ್ಯಾಕೆಟ್ ಲಾಸ್ ಸೊನ್ನೆ. ಫ್ರೇಮ್ ಟೈಮಿನ ಗೆರೆ ಮಾತ್ರ ಒಂಬತ್ತರ ಆಸುಪಾಸಿನಲ್ಲಿ ಮಲಗಿದ್ದು ಇದ್ದಕ್ಕಿದ್ದ ಹಾಗೆ ಐವತ್ತು-ಅರವತ್ತಕ್ಕೆ ಮುಳ್ಳಿನಂತೆ ಎದ್ದು ಬೀಳುತ್ತಿತ್ತು. ಇಂಟರ್ನೆಟ್ ಪ್ಲಾನ್ ಬದಲಿಸುವ ಮಾತು ಅಲ್ಲಿಗೇ ಬಿತ್ತು.

ಟಾಸ್ಕ್ ಮ್ಯಾನೇಜರ್ ತೆಗೆದಾಗ ಅರ್ಧ ಕಥೆ ಬಯಲಾಯಿತು. ಮೆಮೊರಿ ಪುಟದಲ್ಲಿ ಒಟ್ಟು 5.9 ಜಿಬಿ ಅಂತಿತ್ತು. ಹಾಕಿದ್ದು 8, ಉಳಿದ ಎರಡು ಎಲ್ಲಿ? ಕೆಳಗೆ ಸಣ್ಣ ಅಕ್ಷರದಲ್ಲಿ 'ಹಾರ್ಡ್‌ವೇರ್ ರಿಸರ್ವ್ಡ್' ಎಂದು ಬರೆದಿತ್ತು. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇರುವುದಿಲ್ಲ. ರ‍್ಯಾಮ್‌ನಲ್ಲೇ ಪಾಲು ಕೇಳುತ್ತದೆ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಆ ಪಾಲನ್ನು ಯಾರೋ 2 ಜಿಬಿ ಎಂದು ಕಟ್ಟಿಟ್ಟಿದ್ದರು. ಉಳಿದ ಆರರೊಳಗೆ ವಿಂಡೋಸ್, ಆಟ, ಡಿಸ್ಕಾರ್ಡ್, ಜೊತೆಗೆ ಕ್ರೋಮ್. ಕ್ರೋಮ್‌ನಲ್ಲಿ ಟ್ಯಾಬ್‌ಗಳ ಹೆಸರು ಓದಲಾಗದಷ್ಟು ಕಿರಿದಾಗಿ ಬರೀ ಚಿಹ್ನೆಗಳು ಉಳಿದಿದ್ದವು. ಜಾಗ ಸಾಲದಾದಾಗ ವಿಂಡೋಸ್ ರ‍್ಯಾಮ್‌ನಲ್ಲಿದ್ದ ಸಾಮಾನನ್ನು ಎಸ್‌ಎಸ್‌ಡಿಗೆ ಎತ್ತಿಟ್ಟು, ಬೇಕಾದಾಗ ಮರಳಿ ತರುತ್ತದೆ. ಎಸ್‌ಎಸ್‌ಡಿ ಎಷ್ಟೇ ಚುರುಕಾದರೂ ರ‍್ಯಾಮ್‌ಗೆ ಸಮವಲ್ಲ. ಆ ಹೋಗಿಬರುವ ಹೊತ್ತೇ ಗ್ರಾಫಿನ ಮುಳ್ಳು.

ಹೊಸ ಸಾಮಾನು ಕೊಳ್ಳಿ ಎನ್ನುವ ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಬೇಕು. ಕ್ರೋಮ್, ಡಿಸ್ಕಾರ್ಡ್ ಎರಡನ್ನೂ ಪೂರ್ತಿ ಮುಚ್ಚಿಸಿ ಅದೇ ಮ್ಯಾಪ್‌ನಲ್ಲಿ ಮತ್ತೆ ಆಡಿಸಿದೆ. ಮುಳ್ಳುಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದವು. ಮೂಲೆಯ ಸಂಖ್ಯೆ? ಮೊದಲು 110 ಇತ್ತು, ಈಗ 112. ಸರಾಸರಿ ಕದಲಲಿಲ್ಲ, ಆಟ ಬದಲಾಯಿತು. ಹುಡುಗನಿಗೆ ವಿಷಯ ಹೊಕ್ಕಿದ್ದು ಆ ಹೊತ್ತಿಗೆ. ಅಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಅವನಿಗೆ ಲೆಕ್ಕದ ಮೇಷ್ಟ್ರ ಮಾತು.

ಇನ್ನೊಂದು ಸ್ಟಿಕ್

ಒಂದೇ ಸ್ಟಿಕ್ ಇದ್ದುದರ ನಷ್ಟ ಜಾಗದ್ದಷ್ಟೇ ಅಲ್ಲ. ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವೆ ಎರಡು ಚಾನೆಲ್ ಇರುತ್ತವೆ. ಒಂದು ಸ್ಟಿಕ್ ಹಾಕಿದರೆ ಒಂದು ಮುಚ್ಚಿದ ಹಾಗೆ. ಮೇಲಾಗಿ ಸ್ಟಿಕ್‌ನ ಚೀಟಿಯಲ್ಲಿ 3200 ಎಂದಿದ್ದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ 2666 ಕಾಣುತ್ತಿತ್ತು, ಚೀಟಿಯ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿಯನ್ನು ಬಯಾಸ್‌ನಲ್ಲಿ ಆನ್ ಮಾಡಿರಲಿಲ್ಲ. ಲೆಕ್ಕ ಹಾಕಿದರೆ ಡಿಡಿಆರ್4 2666 ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 21.3 ಜಿಬಿ ಸಾಗಿಸಬಲ್ಲದು; 3200ರ ಎರಡು ಸ್ಟಿಕ್ ಸೇರಿದರೆ 51.2. ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿಯಲ್ಲಿ ಇದರ ಪರಿಣಾಮ ಅಷ್ಟು ಎದ್ದು ಕಾಣುವುದಿಲ್ಲ, ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಮಾತ್ರ ಇದೇ ಜೀವನಾಡಿ. ಚಿತ್ರದ ಪ್ರತಿ ಬಿಂದುವೂ ಇದೇ ದಾರಿಯಲ್ಲಿ ಹೋಗಿಬರಬೇಕು. 5600ಜಿ ಕೊಟ್ಟು ಒಂದೇ ಸ್ಟಿಕ್ ಹಾಕಿ ಕಳಿಸುವುದು ಅಂಗಡಿಯವರು ಬಿಡಬೇಕಾದ ರೂಢಿ. ಎರಡು 4 ಜಿಬಿ ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಓಡುತ್ತಿತ್ತು.

ಕೊಪ್ಪಿಕರ್ ರೋಡಿನ ಕಡೆ ಹೋಗಿ ಅದೇ ವೇಗದ 8 ಜಿಬಿ ಸ್ಟಿಕ್ ತಂದೆವು. ಆಗಿನ ದರದಲ್ಲಿ ಎರಡು ಸಾವಿರದ ಆಚೀಚೆ. ಖಾಲಿ ಸ್ಲಾಟಿನಲ್ಲಿ ಕೂರಿಸಿ, ಎಕ್ಸ್‌ಎಂಪಿ ಆನ್ ಮಾಡಿ, ಕ್ರೋಮ್ ತೆರೆದಿಟ್ಟೇ ಆಡಿಸಿದೆ. ಸರಾಸರಿ 150ರ ಹತ್ತಿರ ಹೋಯಿತು. ಅದಕ್ಕಿಂತ ನಾನು ಕಾಯುತ್ತಿದ್ದದ್ದು ಕೆಳಗಿನ ಅಂಕಿಗೆ. ಮೂವತ್ತರ ಆಸುಪಾಸಿನಲ್ಲಿ ತಡವರಿಸುತ್ತಿದ್ದ 1% ಲೋ ತೊಂಬತ್ತು ದಾಟಿತು. ಗೆರೆಯಲ್ಲಿ ಅಲ್ಲಲ್ಲಿ ಉಬ್ಬು ಉಳಿದವು, ಮುಳ್ಳುಗಳು ಹೋದವು.

ವಾರದ ಮೇಲೆ ಮತ್ತೆ ಫೋನ್. "ಶುರುಕ ಚಲೋ ಇರ್ತೈತ್ರಿ. ಅರ್ಧ ತಾಸು ಆಡಿದ್ ಮ್ಯಾಲೆ ಎಳೀತೈತಿ." ಇದು ಬೇರೆ ಲಕ್ಷಣ. ಮೆಮೊರಿಯ ಎಡವಟ್ಟು ಗಕ್ಕನೆ ಬಂದು ಹೋಗುತ್ತದೆ. ಹೊತ್ತು ಕಳೆದಂತೆ ಒಟ್ಟಾರೆ ಜಗ್ಗಿದರೆ ಅದು ಬಿಸಿ. ಹುಡುಗನ ಕೋಣೆ ಮಾಳಿಗೆಯ ಮೇಲೆ, ಪತ್ರಾಸ್ ಹೊದಿಸಿದ್ದು; ಹೊರಗೆ ಏಪ್ರಿಲ್ ಬಿಸಿಲು. ಕ್ಯಾಬಿನೆಟ್ಟನ್ನು ಕಂಪ್ಯೂಟರ್ ಟೇಬಲ್ಲಿನ ಗೂಡಿನಲ್ಲಿ ಬೆನ್ನು ಗೋಡೆಗೆ ತಾಗುವಂತೆ ತುರುಕಿದ್ದರು. ಪ್ರೊಸೆಸರ್ 95 ಡಿಗ್ರಿ ಮುಟ್ಟಿ ಅಲ್ಲೇ ನಿಂತಿತ್ತು. ಎಎಂಡಿ ಆ ಚಿಪ್‌ಗೆ ಹಾಕಿದ ಮೇಲ್ಮಿತಿಯೇ ಅದು. ಅದಕ್ಕೆ ತಾಗಿದರೆ ಚಿಪ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ, ಮೊದಲ ಹತ್ತು ನಿಮಿಷ 4.4 ಗಿಗಾಹರ್ಟ್ಜ್‌ವರೆಗೆ ಜಿಗಿಯುತ್ತಿದ್ದದ್ದು ಮೂರೂವರೆಯ ಹತ್ತಿರ ತೆವಳುತ್ತಿತ್ತು. ಪ್ರೊಸೆಸರ್‌ನ ಬಿಸಿ ಹೀರುವ ಹೀಟ್‌ಸಿಂಕ್ ಬಿಚ್ಚಿದರೆ ರೆಕ್ಕೆಗಳ ನಡುವೆ ಧೂಳು ಪದರಗಟ್ಟಿ ಆಚೆಯ ಬೆಳಕೇ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ರಸ್ತೆ ಅಗೆತ ನಿಲ್ಲುವ ತನಕ ಇದು ಇದ್ದದ್ದೇ. ಫ್ಯಾನ್ ತಿರುಗದಂತೆ ಬೆರಳಿಟ್ಟು ಬ್ಲೋವರ್ ಹೊಡೆದು, ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗಿಟ್ಟದ್ದಕ್ಕೆ ಬಿಸಿ ಎಂಬತ್ತರೊಳಗೆ ಬಂತು. ಮೊಬೈಲಿನಲ್ಲಿ ಬಿಜಿಎಂಐ ಆಡುವವರಿಗೂ ಇದೇ ಗತಿ: ಫ್ರೇಮ್ ರೇಟನ್ನು 90ಕ್ಕೆ ಇಟ್ಟು ಚಾರ್ಜಿಗೆ ಹಾಕಿಕೊಂಡೇ ಬಿಸಿಲಿನಲ್ಲಿ ಆಡಿದರೆ ಫೋನ್ ಸುಮ್ಮನೆ ವೇಗ ಕಳೆದುಕೊಳ್ಳುತ್ತದೆ.

ಕಡೆಗೆ ಜಗಳವಾದದ್ದು ಮಿತಿಯ ಬಗ್ಗೆ. ಎಫ್‌ಪಿಎಸ್ಸನ್ನು 120ಕ್ಕೆ ಕಟ್ಟು ಎಂದೆ. "ಈಗ ನೂರಾ ಐವತ್ತು ಬರಾಕತ್ತೈತಿ, ಮತ್ತ ಯಾಕ ಕಟ್ಟೂದ್ರಿ? ಲಿಮಿಟ್ ಹಾಕೋದು ಡಬ್ಬಾ ಪಿಸಿಗೆ" ಅಂದ. ನನ್ನ ವಾದ ಇಷ್ಟು. ಬಿಟ್ಟರೆ ಗ್ರಾಫಿಕ್ಸ್ ಪೂರ್ತಿ ತುಂಬಿ ದುಡಿಯುತ್ತದೆ, ಫ್ರೇಮ್‌ಗಳು ಸಾಲುಗಟ್ಟಿ ನಿಂತು ಮೌಸಿನ ಅಪ್ಪಣೆ ತಡವಾಗಿ ಕಾಣುತ್ತದೆ, ಬಿಸಿಯೂ ಏರುತ್ತದೆ. ಸ್ವಲ್ಪ ಉಸಿರಾಡಲು ಬಿಟ್ಟರೆ ಫ್ರೇಮ್‌ಗಳು ಹದವಾಗಿ ಬರುತ್ತವೆ. ಅವನ ಮಾನಿಟರಿನಲ್ಲಿ ಫ್ರೀಸಿಂಕ್ ಇತ್ತು. ಅದು ಪರದೆಯನ್ನೇ ಫ್ರೇಮಿನ ದಾರಿ ಕಾಯುವಂತೆ ಮಾಡುತ್ತದೆ, ಆದರೆ ಎಫ್‌ಪಿಎಸ್ ಮಾನಿಟರಿನ 144ರ ಮಿತಿ ಮೀರಿದರೆ ಅದರ ಕೆಲಸ ನಿಲ್ಲುತ್ತದೆ. ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಘೋಷಿಸಿದ್ದು, ಆಮೇಲೆ ಎಎಂಡಿ ಫ್ರೀಸಿಂಕ್ ತಂದದ್ದು ವಿ-ಸಿಂಕ್‌ನ ಈ ಕಾಯಿಸುವ ಕಾಟ ತಪ್ಪಿಸಲೆಂದೇ. ಪಂದ್ಯಗಳಿಗೆ ಆಡುವವರು ಮಿತಿ ಬೇಡ ಎನ್ನುವುದುಂಟು, ಅವರ ಯಂತ್ರಗಳು ಮುನ್ನೂರು ನಾನ್ನೂರು ಎಫ್‌ಪಿಎಸ್ ಕೊಡುವಂಥವು. ಆ ಮಾತು ಇಲ್ಲಿಗೆ ಹೊಂದುವುದಿಲ್ಲ.

ಡಬ್ಬಾ ಪಿಸಿ ಅಂದದ್ದಕ್ಕೆ ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಟದ ನೆನಪು ಮಾಡಿಕೊಟ್ಟೆ. ನಮ್ಮ ಕಾಲದಲ್ಲಿ ಸೈಬರ್ ಕೆಫೆಗಳಲ್ಲಿ ಅದು ಇಲ್ಲದ ಕಂಪ್ಯೂಟರ್ ಇರಲಿಲ್ಲ. ಅದರ ಸೆಟ್ಟಿಂಗಿನಲ್ಲಿದ್ದ ಫ್ರೇಮ್ ಲಿಮಿಟರ್ ತೆಗೆದರೆ ಚಿತ್ರ ನುಣುಪಾಗುತ್ತಿತ್ತು, ಆದರೆ ಅದರ ನಾಯಕ ಸಿಜೆ ನೀರಿಗಿಳಿದರೆ ಈಜಲಾರದೆ ಒದ್ದಾಡುತ್ತಿದ್ದ. ಆಟದೊಳಗಿನ ಚಲನೆಯ ಲೆಕ್ಕವನ್ನು ಫ್ರೇಮಿಗೇ ಕಟ್ಟಿದ್ದರ ಫಲ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಅನ್ಯಗ್ರಹದವರು ಸತ್ತಷ್ಟೂ ಉಳಿದವರು ಬಿರುಸಾಗುತ್ತಿದ್ದದ್ದೂ ಹೀಗೇ, ಬಿಡಿಸಬೇಕಾದ ಚಿತ್ರ ಕಡಿಮೆಯಾಗಿ ಪ್ರೊಸೆಸರ್‌ಗೆ ಕೈ ಹಗುರಾಗುತ್ತಿತ್ತು. ಅಲ್ಲಿ ಅದೇ ಆಟದ ಸೊಗಸಾಯಿತು, ಸ್ಯಾನ್ ಆಂಡ್ರಿಯಾಸ್‌ನಲ್ಲಿ ಕಾಟವಾಯಿತು. ಹುಡುಗ ನಕ್ಕ, ಒಪ್ಪಲಿಲ್ಲ. ಕೊನೆಗೆ 138ಕ್ಕೆ ಇಬ್ಬರೂ ರಾಜಿಯಾದೆವು. ಫ್ರೀಸಿಂಕ್‌ನ ಗಡಿಯೊಳಗೇ ಇದೆ, ಅವನ ಮರ್ಯಾದೆಯೂ ಉಳಿಯಿತು.

"ಹಂಗಾರ ಕಾರ್ಡ್ ಬ್ಯಾಡಲ್ರಿ?" ಕಾಕಾರ ಕೊನೆಯ ಪ್ರಶ್ನೆ. ಕಾರ್ಡ್ ಹಾಕಿದ್ದರೆ ಎಫ್‌ಪಿಎಸ್ ಖಂಡಿತ ಏರುತ್ತಿತ್ತು, ಗ್ರಾಫಿಕ್ಸ್ ತಿನ್ನುತ್ತಿದ್ದ ರ‍್ಯಾಮ್ ಕೂಡ ಬಿಡುಗಡೆಯಾಗುತ್ತಿತ್ತು. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ 60 ಹರ್ಟ್ಜ್‌ಗೆ ಕೂತ ಮಾನಿಟರ್ ಹಾಗೇ ಇರುತ್ತಿತ್ತು, ಧೂಳು ತುಂಬಿದ ಹೀಟ್‌ಸಿಂಕ್ ಹಾಗೇ ಇರುತ್ತಿತ್ತು, ಮೂಲೆಯಲ್ಲಿ ಇನ್ನೂರು ಕಂಡರೂ ಹುಡುಗ ಮತ್ತೆ ಫೋನ್ ಮಾಡುತ್ತಿದ್ದ. ವ್ಯಾಲೊರಂಟ್‌ಗೆ ಸದ್ಯ ಇಷ್ಟು ಸಾಕು. ಹೊಸ ಭಾರೀ ಆಟಗಳನ್ನು ಮೇಲಿನ ಸೆಟ್ಟಿಂಗಿನಲ್ಲಿ ಆಡುವ ಆಸೆ ಬಂದರೆ ಕಾರ್ಡ್ ಬೇಕೇ ಬೇಕು. ಆಗ ಕಾರ್ಡಿನ ಜೊತೆ ಪವರ್ ಸಪ್ಲೈ ಲೆಕ್ಕವನ್ನೂ ಹಿಡಿಯಬೇಕು, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ ಕಾರ್ಡ್ ಹೇರುವ ಹಾಗಿಲ್ಲ ಎಂದು ಹೇಳಿ ಬಂದೆ.

ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದ ದಿನ ಮೊದಲ ಪಂದ್ಯದಲ್ಲಿ ಎರಡು ಮೂರು ಮುಳ್ಳು ಈಗಲೂ ಏಳುತ್ತವಂತೆ, ಎರಡನೆಯ ಪಂದ್ಯಕ್ಕೆ ಇರುವುದಿಲ್ಲ. ಅದಕ್ಕೆ ನಾನು ಕೈ ಹಾಕಲಿಲ್ಲ.